ನಲಿ-ಕಲಿ ಕಾರ್ಡು ಹರಿದಿವೆ, ಗಣಿತ ಕಿಟ್ ಬೀರುವಿನಲ್ಲಿದೆ: ಮೊದಲು ಯಾವುದಕ್ಕೆ ಕೈ ಹಾಕಬೇಕು?

ಹೊಸಹಲಗೆ:
ಕನ್ನಡ ಮಾಧ್ಯಮದ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. ಒಂದರಿಂದ ಐದು, ಒಟ್ಟು 34 ಮಕ್ಕಳು, ಇಬ್ಬರು ಶಿಕ್ಷಕರು. 1ರಿಂದ 3 ನಲಿ-ಕಲಿ (ಮೂರೂ ತರಗತಿಯವರು ಒಟ್ಟಿಗೆ ಕೂತು, ಕಾರ್ಡು ಹಿಡಿದು ತಂತಮ್ಮ ವೇಗದಲ್ಲಿ ಕಲಿಯುವ ಪದ್ಧತಿ) ಒಂದು ಕೊಠಡಿ, 4 ಮತ್ತು 5 ಇನ್ನೊಂದು. ನಲಿ-ಕಲಿ ಕಾರ್ಡುಗಳಲ್ಲಿ ಕಾಲುಭಾಗ ಕಾಣೆ, ಉಳಿದವುಗಳ ಲ್ಯಾಮಿನೇಷನ್ ಅಂಚಿನಲ್ಲಿ ಬಾಯಿ ಬಿಟ್ಟಿದೆ. ಗಣಿತ ಕಿಟ್ಟಿನ ಪೆಟ್ಟಿಗೆ ಇದೆ, ಬಳಕೆ ಅಷ್ಟಕ್ಕಷ್ಟೆ. ಗ್ರಂಥಾಲಯ ಎಂದರೆ ಒಂದು ಟ್ರಂಕು. ಬೋಧನೋಪಕರಣಕ್ಕೆ ಅಂತ ಏಳೆಂಟು ಸಾವಿರ ಎತ್ತಿಡಬಹುದು. ಕೊಳ್ಳಬೇಕಾದ್ದು ಯಾವುದು, ನಾವೇ ಮಾಡಿಕೊಳ್ಳಬಹುದಾದ್ದು ಯಾವುದು? ಅಳತೆ, ಸಂಖ್ಯೆ ಸಮೇತ ಹೇಳಿದರೆ ಉಪಕಾರ.

ಏಣಿಮೆಟ್ಟಿಲು:
ಮೊದಲು ಕಾರ್ಡು. ಉಳಿದದ್ದೆಲ್ಲ ಆಮೇಲೆ. ಕಾರಣ ಹೇಳುತ್ತೇನೆ.

ನಲಿ-ಕಲಿಯಲ್ಲಿ ಮಕ್ಕಳು ಐದು ತಟ್ಟೆಗಳಲ್ಲಿ, ಅಂದರೆ ಗುಂಪುಗಳಲ್ಲಿ, ಕೂರುತ್ತಾರೆ: ಶಿಕ್ಷಕರ ಸಂಪೂರ್ಣ ಬೆಂಬಲ, ಶಿಕ್ಷಕರ ಭಾಗಶಃ ಬೆಂಬಲ, ಗೆಳೆಯರ ಸಂಪೂರ್ಣ ಬೆಂಬಲ, ಗೆಳೆಯರ ಭಾಗಶಃ ಬೆಂಬಲ, ಸ್ವಕಲಿಕೆ. ಐದನೇ ತಟ್ಟೆಯ ಮಗುವಿಗೆ ತನ್ನ ಲೋಗೋದ (ಚಟುವಟಿಕೆ ಗುರುತಿಸುವ ಚಿತ್ರದ) ಕಾರ್ಡು ಸಿಗದಿದ್ದರೆ ಅದು ಎದ್ದು ಬರುವುದು ನಿಮ್ಮ ಹತ್ತಿರವೇ. ಹಾಗೆ ನಾಲ್ಕು ಮಕ್ಕಳು ಎದ್ದು ಬಂದರೆ ಮೊದಲನೇ ತಟ್ಟೆಗೆ ಹೊಸ ಅಕ್ಷರ ಹೇಳಿಕೊಡಲು ನಿಮಗೆ ಪುರಸೊತ್ತೇ ಇರುವುದಿಲ್ಲ. ‘ನಲಿ-ಕಲಿಯಲ್ಲಿ ಗದ್ದಲ ಜಾಸ್ತಿ’ ಎನ್ನುವ ದೂರಿನ ಹಿಂದೆ ಎಷ್ಟೋ ಸಲ ಇರುವುದು ಬರೀ ಕಾಣೆಯಾದ ಕಾರ್ಡುಗಳು.

ಕಲಿಕಾ ಏಣಿಯನ್ನು (ಕಲಿಕೆಯ ಹಂತಗಳನ್ನು, ಅಂದರೆ ಮೈಲಿಗಲ್ಲುಗಳನ್ನು, ಕ್ರಮವಾಗಿ ತೋರಿಸುವ ಚಾರ್ಟು) ಗೋಡೆಯಿಂದ ಇಳಿಸಿ ನೆಲದ ಮೇಲೆ ಹಾಸಿ. ಒಂದೊಂದು ಮೈಲಿಗಲ್ಲಿನ ಮುಂದೆ ಇರುವ ಕಾರ್ಡುಗಳನ್ನು ಸಂಖ್ಯೆಯ ಕ್ರಮದಲ್ಲಿ ಜೋಡಿಸಿ. ಎಲ್ಲಿ ಜಾಗ ಖಾಲಿ ಕಾಣುತ್ತದೋ ಅದೇ ನಿಮ್ಮ ಪಟ್ಟಿ. ಭಾಷೆ, ಗಣಿತ, ಪರಿಸರ ಮೂರನ್ನೂ ಬೇರೆ ಬೇರೆಯಾಗಿ ಮಾಡಿ. ಇಂಗ್ಲಿಷ್ ನಲಿ-ಕಲಿ ಕಾರ್ಡುಗಳು ಇದರೊಳಗೆ ಸೇರಿಕೊಂಡಿರುತ್ತವೆ, ಅವನ್ನು ಮೊದಲೇ ಎತ್ತಿಡಿ. ಪಟ್ಟಿ ಸಿಕ್ಕಮೇಲೆ ಮೊದಲು ಬರೆಯಬೇಕಾದ್ದು ಆರಂಭದ ಮೈಲಿಗಲ್ಲುಗಳ ಕಾರ್ಡು, ಎರಡನೆಯದು ಮೌಲ್ಯಮಾಪನ ಕಾರ್ಡು. ಹಾಡು, ಆಟದ ಕಾರ್ಡು ಕಳೆದಿದ್ದರೆ ಸದ್ಯ ಬಾಯಲ್ಲೇ ನಡೆಯುತ್ತದೆ.

ಹೊಸ ಕಾರ್ಡಿಗೆ 300 ಜಿಎಸ್‌ಎಂ ದಪ್ಪದ ಬಿಳಿ ಹಾಳೆ ಸಾಕು. ಹಳೆಯ ಕಾರ್ಡಿನ ಅಳತೆಯೇ ಇರಲಿ, ಇಲ್ಲದಿದ್ದರೆ ಟ್ರೇನಲ್ಲಿ ಸಣ್ಣದು ದೊಡ್ಡದರ ಹಿಂದೆ ಅಡಗುತ್ತದೆ. ಲೋಗೋ ಮತ್ತು ಸಂಖ್ಯೆ ಎರಡನ್ನೂ ಹಳೆಯದರಂತೆಯೇ, ಅದೇ ಮೂಲೆಯಲ್ಲಿ ಹಾಕಿ. ಓದಲು ಬಾರದ ಮಗು ಕಾರ್ಡು ಹುಡುಕುವುದು ಲೋಗೋ ನೋಡಿಯೇ. ಸ್ಕೆಚ್ ಪೆನ್ ಬೇಡ, ಒದ್ದೆ ಕೈ ತಾಗಿದರೆ ಹರಡುತ್ತದೆ. ಪರ್ಮನೆಂಟ್ ಮಾರ್ಕರ್ ಬಳಸಿ.

ಮಲೆನಾಡು_ಟೀಚರ್:
ಲ್ಯಾಮಿನೇಷನ್ ಬಾಯಿ ಬಿಡುವುದಕ್ಕೆ ಕಾರಣ ಒಂದೇ: ಅಂಗಡಿಯವರು ಕಾರ್ಡಿನ ಅಂಚಿಗೆ ಸರಿಯಾಗಿ ಕತ್ತರಿಸಿಬಿಡುತ್ತಾರೆ. ಮೇಲಿನ ಹಾಳೆ, ಕೆಳಗಿನ ಹಾಳೆ ಒಂದಕ್ಕೊಂದು ಅಂಟುವುದು ಕಾರ್ಡಿನಿಂದ ಹೊರಗೆ ಉಳಿದ ಅಂಚಿನಲ್ಲಿ. ಸುತ್ತಲೂ 4–5 ಮಿಲಿಮೀಟರ್ ಬಿಟ್ಟು ಕತ್ತರಿಸಲು ಹೇಳಿ. ಪೌಚ್ 125 ಮೈಕ್ರಾನ್ ಇರಲಿ. ಮೂಲೆಗಳನ್ನು ದುಂಡಗೆ ಮಾಡಿ. ಚೂಪು ಮೂಲೆ ಕಣ್ಣಿಗೂ ಚುಚ್ಚುತ್ತದೆ, ಸಿಪ್ಪೆ ಏಳುವುದೂ ಅಲ್ಲಿಂದಲೇ.

ನಮ್ಮ ಕಡೆಯಂತೆ ಮಳೆ ಹೆಚ್ಚಿರುವ ಊರಾದರೆ ಇನ್ನೊಂದು ವಿಷಯ. ಕಾರ್ಡು ಥಂಡಿ ಹಿಡಿದಿರುವಾಗ ಲ್ಯಾಮಿನೇಷನ್ ಮಾಡಿಸಬೇಡಿ. ಒಳಗೆ ಗುಳ್ಳೆ ಏಳುತ್ತದೆ, ಆಮೇಲೆ ಬೂಷ್ಟು. ಒಂದೆರಡು ಗಂಟೆ ಬಿಸಿಲಿಗೆ ಹಾಕಿ ಅದೇ ದಿನ ಮಾಡಿಸಿ. ಮೇ ತಿಂಗಳಲ್ಲಿ ಮುಗಿಸಿಕೊಂಡರೆ ಇನ್ನೂ ಒಳ್ಳೆಯದು.

ಈಗಾಗಲೇ ಬಾಯಿ ಬಿಟ್ಟವನ್ನು ಮತ್ತೆ ಯಂತ್ರಕ್ಕೆ ಹಾಕಬೇಡಿ, ಸುಕ್ಕಾಗುತ್ತವೆ. ಎರಡು ಇಂಚಿನ ಪಾರದರ್ಶಕ ಪ್ಯಾಕಿಂಗ್ ಟೇಪನ್ನು ಅಂಚಿನ ಮೇಲೆ ಅರ್ಧ, ಹಿಂದೆ ಅರ್ಧ ಬರುವಂತೆ ಮಡಚಿ ಅಂಟಿಸಿ. ಸಾದಾ ಸೆಲ್ಲೋಟೇಪ್ ಬಿಸಿಲಿಗೆ ಹಳದಿಯಾಗಿ ಉದುರುತ್ತದೆ. ಟ್ರೇಗಳನ್ನು ಗೋಡೆಗೆ ತಾಗಿಸಿ ಇಡಬೇಡಿ. ಗೆದ್ದಲು ಬರುವುದು ಗೋಡೆಯಿಂದ, ಎರಡು ಇಂಚು ಜಾಗ ಬಿಟ್ಟರೆ ಅದರ ಮಣ್ಣಿನ ದಾರಿ ಕಣ್ಣಿಗೆ ಬೀಳುತ್ತದೆ.

ಹೊಸಹಲಗೆ:
ಧನ್ಯವಾದ ಮೇಡಂ. ಕಾಣೆಯಾದವುಗಳಲ್ಲಿ ಅಕ್ಷರ ಓದುವ ಕಾರ್ಡುಗಳೇ ಜಾಸ್ತಿ. ಅಲ್ಲಿಗೆ ಪದಗಳನ್ನು ನಾವೇ ಹಾಕಬಹುದೇ? ಗೋಡೆಗೆ ಅ-ಆ-ಇ-ಈ ಚಾರ್ಟ್ ಇದೆ, ಅದರಿಂದ ತೆಗೆದುಕೊಳ್ಳೋಣವೇ?

ಏಣಿಮೆಟ್ಟಿಲು:
ಪದ ನೀವೇ ಹಾಕಬಹುದು, ಆದರೆ ಆ ಚಾರ್ಟಿನ ಕ್ರಮ ಹಿಡಿದರೆ ಕೆಡುತ್ತದೆ. ನಲಿ-ಕಲಿಯ ಅಕ್ಷರಕ್ರಮ ವರ್ಣಮಾಲೆಯದಲ್ಲ. ಮೊದಲ ಗುಂಪು ರ, ಗ, ಸ, ದ, ಅ. ಎರಡನೆಯದು ಜ, ವ, ಮ, ಬ, ನ. ಆಕಾರದಲ್ಲಿ ಹತ್ತಿರ ಇರುವ, ಸೇರಿಸಿದ ಕೂಡಲೇ ಪದ ಹುಟ್ಟುವ ಅಕ್ಷರಗಳನ್ನು ಒಟ್ಟಿಗೆ ಇಟ್ಟಿದ್ದಾರೆ. ಹೀಗಾಗಿ ಐದೇ ಅಕ್ಷರ ಬಂದ ಮಗು ಸರ, ರಸ, ದರ, ಅಗಸ, ಅರಸ, ಗರಗಸ ಎಂದು ಓದಿಬಿಡುತ್ತದೆ. ಅದೇ ಅ-ಆ-ಇ-ಈ ಹಿಡಿದು ಹೊರಟರೆ ಸ್ವರಗಳೆಲ್ಲ ಮುಗಿದರೂ ಓದಲು ಪದಗಳೇ ಸಿಗುವುದಿಲ್ಲ.

ನಿಯಮ ಇಷ್ಟೆ: ಆ ಮೈಲಿಗಲ್ಲಿನವರೆಗೆ ಬಂದ ಅಕ್ಷರಗಳಲ್ಲೇ ಪದ ಕಟ್ಟಿ. ಎರಡನೇ ಗುಂಪಿಗೆ ಮರ, ಜನ, ವನ, ನಗರ, ಗಮನ, ಬಸವ ಸರಿ. ‘ಮನೆ’ ಹಾಕಿದರೆ ತಪ್ಪು, ಎತ್ವ ಇನ್ನೂ ಬಂದಿಲ್ಲ. ‘ಅಮ್ಮ’ ಕೂಡ ಬೇಡ, ಒತ್ತಕ್ಷರ ಬಹಳ ಮುಂದೆ ಇದೆ. ಹೊಸದಾಗಿ ಬಂದವರು ಎಡವುವುದು ಈ ಎರಡು ಪದಗಳಲ್ಲೇ, ಏಕೆಂದರೆ ನಮಗೆ ಅವು ತೀರಾ ಸುಲಭ ಅನ್ನಿಸುತ್ತವೆ.

ವರ್ಣಮಾಲೆ ಚಾರ್ಟನ್ನು ಕಿತ್ತುಹಾಕಬೇಕಿಲ್ಲ. ಮೂರನೇ ತರಗತಿಯವರಿಗೆ ನಿಘಂಟಿನ ಕ್ರಮ ತಿಳಿಯಲು ಬೇಕು.

ಮಣಿಸರ:
ಇದಕ್ಕೆ ಸೇರಿಸಿ: ತಿದ್ದಲು ಮರಳು ಕಾಗದದ ಅಕ್ಷರ. ಹಾರ್ಡ್‌ವೇರ್ ಅಂಗಡಿಯಲ್ಲಿ 120 ನಂಬರಿನದು ಕೇಳಿ. 60ರದು ಬೆರಳು ತರಚುತ್ತದೆ, 220ರದು ನುಣುಪು, ಬೆರಳಿಗೆ ಗೊತ್ತೇ ಆಗುವುದಿಲ್ಲ. ಹಿಂಬದಿಯಲ್ಲಿ ಅಕ್ಷರ ಬರೆದು ಕತ್ತರಿಸುವುದು ಸುಲಭ, ಆದರೆ ಅಲ್ಲಿ ಅಕ್ಷರವನ್ನು ತಿರುಗುಮುರುಗಾಗಿ ಬರೆಯಬೇಕು, ಇಲ್ಲದಿದ್ದರೆ ಕತ್ತರಿಸಿದ ಮೇಲೆ ಕನ್ನಡಿಯ ಅಕ್ಷರವಾಗುತ್ತದೆ. ಬರವಣಿಗೆ ಶುರುವಾಗುವ ಜಾಗದಲ್ಲಿ ಕೆಂಪು ಚುಕ್ಕಿ, ಸಾಗುವ ದಿಕ್ಕಿಗೆ ಬಾಣ. ಇದನ್ನು 49 ಅಕ್ಷರಕ್ಕೂ ಮಾಡುವ ಹಟ ಬೇಡ. ಮಕ್ಕಳು ಅದಲುಬದಲು ಮಾಡುವ ಜೋಡಿಗಳಿಗೆ ಮಾಡಿ: ಪ–ಷ, ವ–ಮ, ದ–ಧ, ಬ–ಭ.

ಬಿಳಿಜ್ವಾಳ:
ಸರ್, ಕಾರ್ಡಿನ ಮಾತು ಆತು, ಗಣಿತಕ್ಕ ಬರ್ರಿ. ಕಿಟ್ಟಿನೊಳಗ ಅಬ್ಯಾಕಸ್ ಐತಿ ಅಂತ ಮೊದಲ ಅದನ್ನ ಕೊಡಬ್ಯಾಡ್ರಿ. ಅಬ್ಯಾಕಸ್‌ದಾಗ ಹತ್ತರ ಮನಿ ಮಣಿನೂ ಒಂದ, ಬಿಡಿ ಮನಿ ಮಣಿನೂ ಒಂದ. ಕೂಸಿಗೆ ಹತ್ತು ಅಂದ್ರ ಹತ್ತು ಕಾಣಬೇಕು. ಅದಕ್ಕ ಮೊದಲು ಕಡ್ಡಿ ಕಟ್ಟು.

ತೊಗರಿ ಕಟಗಿ ಆಗಲಿ, ತೆಂಗಿನ ಗರಿ ಕಡ್ಡಿ ಆಗಲಿ, 10 ಸೆಂಟಿಮೀಟರಿಗೆ ಕತ್ತರಸ್ರಿ. ತೊಗರಿದಾದ್ರ ಸಿಪ್ಪಿ ತಗದು ಎರಡು ದಿನಾ ಬಿಸಲಿಗೆ ಹಾಕ್ರಿ, ಇಲ್ಲಂದ್ರ ಹುಳ ಬೀಳತಾವ. ತುದಿ ಮರಳು ಕಾಗದದಾಗ ತಿಕ್ಕ್ರಿ. ಐದು ಮಕ್ಕಳ ಗುಂಪಿಗೆ ಹತ್ತರ ಕಟ್ಟು 9, ಬಿಡಿ ಕಡ್ಡಿ 20, ಒಟ್ಟು 110. ಎರಡಂಕಿ ಕೂಡಿಸೂದು ಕಳಿಯೂದು ಇದರಾಗ ಎಲ್ಲಾ ಮುಗೀತದ.

ರಬ್ಬರ್ ಬ್ಯಾಂಡ್ ತರಬ್ಯಾಡ್ರಿ. ನಮ್ಮ ಕಡೆ ಬ್ಯಾಸಗಿಗೆ ಒಣಗಿ ಪಟ್ಟಂತ ಹರೀತಾವ, ಕಡ್ಡಿಗೆ ಅಂಟಿ ಕುಂದರತಾವ. ಸೈಕಲ್ ಅಂಗಡ್ಯಾಗ ಹಳೀ ಟ್ಯೂಬ್ ತಂದು 4 ಮಿಲಿಮೀಟರ್ ಅಗಲ ಉಂಗುರ ಕತ್ತರಸ್ರಿ. ವರ್ಷಗಟ್ಲೆ ಬರತಾವ.

ಮಣಿಸರ:
ಬಿಳಿಜ್ವಾಳ ಸರ್ ಮಾತು ನೂರಕ್ಕೆ ನೂರು ಸರಿ. 52ರಲ್ಲಿ 27 ಕಳೆಯುವಾಗ ಮಗು ಒಂದು ಕಟ್ಟನ್ನು ತಾನೇ ಬಿಚ್ಚಬೇಕು. ‘ಪಕ್ಕದ ಮನೆಯಿಂದ ಸಾಲ’ ಎಂದು ಬಾಯಿಪಾಠ ಮಾಡಿಸಿದರೆ 302ರಲ್ಲಿ 147 ಕಳೆಯುವಾಗ ಸಿಕ್ಕಿಬೀಳುತ್ತದೆ, ಪಕ್ಕದ ಮನೆಯಲ್ಲಿ ಸೊನ್ನೆ. ಕಟ್ಟು ಬಿಚ್ಚಿ ಅಭ್ಯಾಸವಿದ್ದರೆ ನೂರರ ದೊಡ್ಡ ಕಟ್ಟು ಬಿಚ್ಚಿ ಹತ್ತು ಹತ್ತರ ಕಟ್ಟು ಮಾಡಿ, ಅದರಲ್ಲಿ ಒಂದನ್ನು ಬಿಚ್ಚಿ ಹತ್ತು ಬಿಡಿ ಮಾಡುತ್ತದೆ. ಮಧ್ಯದ ಸೊನ್ನೆ ಒಂಬತ್ತು ಹೇಗಾಯಿತು ಎಂದು ಯಾರೂ ಹೇಳಬೇಕಾಗಿಲ್ಲ. ನೂರರ ಕಟ್ಟು ಶಾಲೆಗೆ ಮೂರು ಇದ್ದರೆ ಸಾಕು. ಆಮೇಲೆ ಕಿಟ್ಟಿನ ದಶಮಾನ ಬ್ಲಾಕು (ಬಿಡಿ, ಹತ್ತು, ನೂರರ ತುಂಡುಗಳು), ಕೊನೆಗೆ ಅಬ್ಯಾಕಸ್.

ಸಾಮಾನ್ಯವಾಗಿ ಆಗುವ ಇನ್ನೊಂದು ತಪ್ಪು: ಕಡ್ಡಿ ಆಡಿಸಿ ಪುಸ್ತಕ ತೆರೆದು ಬೇರೆ ಲೆಕ್ಕ ಹಾಕಿಸುವುದು. ಆಗ ಮಗುವಿಗೆ ಕಡ್ಡಿ ಒಂದು ಆಟ, ಲೆಕ್ಕ ಇನ್ನೊಂದು ಪಾಠ. ಇಬ್ಬರನ್ನು ಜೋಡಿ ಮಾಡಿ, ಒಂದು ಮಗು ಕಟ್ಟು ಬಿಚ್ಚಿದ ಕೂಡಲೇ ಇನ್ನೊಂದು ಮಗು ಸ್ಲೇಟಿನಲ್ಲಿ ಅದೇ ಹೆಜ್ಜೆ ಬರೆಯಲಿ. ನಡುವೆ ಚಿತ್ರದ ಹಂತವೂ ಇರಲಿ, ಕಟ್ಟಿಗೆ ಉದ್ದಗೆರೆ, ಬಿಡಿಗೆ ಚುಕ್ಕಿ.

ಗಣಿತಮಾಲೆ ಮಾಡುವುದಾದರೆ 10 ಮಿಲಿಮೀಟರಿನ ಮಣಿ 100, ಹತ್ತು ಒಂದು ಬಣ್ಣ, ಹತ್ತು ಇನ್ನೊಂದು ಬಣ್ಣ. ಮಣಿಗಳೇ ಒಂದು ಮೀಟರ್ ಆಗುತ್ತವೆ, ದಾರ ಒಂದೂವರೆ ಮೀಟರ್ ಇರಲಿ. ಬಿಗಿಯಾಗಿ ಗಂಟು ಹಾಕಿದರೆ ಮಣಿ ಸರಿಸಲು ಬರುವುದಿಲ್ಲ, ಐದಾರು ಮಣಿಯಷ್ಟು ಜಾಗ ಸಡಿಲ ಬಿಡಿ. ಬಟ್ಟೆ ಕ್ಲಿಪ್ಪು ಹಾಕುವಾಗ 27 ಎಂದರೆ 27ನೇ ಮಣಿ *ಆದಮೇಲೆ*. ಮಣಿಯ ಮೇಲೆಯೇ ಸಿಕ್ಕಿಸಿದರೆ ಆ ಮಣಿ ಸೇರಿತೋ ಬಿಟ್ಟಿತೋ ಎಂದು ಪ್ರತಿಸಲ ಒಂದು ಹೆಚ್ಚುಕಡಿಮೆ ಬರುತ್ತದೆ.

ಹೊಸಹಲಗೆ:
4–5ಕ್ಕೆ ಭಿನ್ನರಾಶಿ ಪಟ್ಟಿ ಕಿಟ್ಟಿನಲ್ಲಿ ಒಂದೇ ಸೆಟ್ ಪೂರ್ತಿ ಇದೆ. ಮಾಡಿಕೊಳ್ಳಬಹುದಾ?

ಮಣಿಸರ:
ಮಾಡಬಹುದು. ಉದ್ದ 24 ಸೆಂಟಿಮೀಟರ್ ಇಟ್ಟುಕೊಳ್ಳಿ. ಅರ್ಧ 12, ಮೂರನೇ ಒಂದು 8, ಕಾಲು 6, ಆರನೇ ಒಂದು 4, ಎಂಟನೇ ಒಂದು 3, ಹನ್ನೆರಡನೇ ಒಂದು 2. ಒಂದೂ ದಶಮಾಂಶಕ್ಕೆ ಬೀಳುವುದಿಲ್ಲ, ಎ4 ಹಾಳೆಯಲ್ಲೂ ಕೂರುತ್ತದೆ. ಐದನೇ ಒಂದು, ಹತ್ತನೇ ಒಂದು ಬೇಕಾದರೆ 20 ಸೆಂಟಿಮೀಟರಿನ ಬೇರೆ ಸೆಟ್, ಬೇರೆ ಬಣ್ಣದಲ್ಲಿ. ಎರಡನ್ನೂ ಒಂದೇ ಚೀಲಕ್ಕೆ ಹಾಕಲೇಬೇಡಿ. ಇಡೀ ಪಟ್ಟಿಯೇ ಬೇರೆ ಅಳತೆಯದಾದಾಗ ಇದರ ಕಾಲು ಅದರ ಐದನೇ ಒಂದಕ್ಕಿಂತ ಎಷ್ಟು ದೊಡ್ಡದು ಎಂದು ಹೋಲಿಸುವುದೇ ತಪ್ಪಾಗುತ್ತದೆ. ಮಡಚಿ ಮೂರು ಸಮಭಾಗ ಮಾಡಲು ಹೋಗಬೇಡಿ, ಸ್ಕೇಲಿನಲ್ಲಿ ಗುರುತು ಹಾಕಿಯೇ ಕತ್ತರಿಸಿ.

ಗಡಿಯಾರಕ್ಕೆ ರಟ್ಟು, ಎರಡು ಮುಳ್ಳು ಅಂತ ಮಾಡಬೇಡಿ. ರಟ್ಟಿನಲ್ಲಿ ದೊಡ್ಡ ಮುಳ್ಳನ್ನು 6ಕ್ಕೆ ತಂದರೂ ಸಣ್ಣದು 3ರ ಮೇಲೆಯೇ ಕೂತಿರುತ್ತದೆ. ಅಂಥ ಮೂರೂವರೆ ನಿಜವಾದ ಗಡಿಯಾರದಲ್ಲಿ ಇಲ್ಲ. ಕೆಟ್ಟ ಗೋಡೆ ಗಡಿಯಾರದ ಸೆಲ್ ತೆಗೆದು ಹಿಂದಿನ ತಿರುಪು ತಿರುಗಿಸಿ ತೋರಿಸಿ, ಎರಡೂ ಮುಳ್ಳು ಒಟ್ಟಿಗೆ ಸಾಗುತ್ತವೆ.

ಕ್ಲಸ್ಟರ್_ಕಡತ:
ಇಲ್ಲಿಯವರೆಗೆ ಯಾರೂ ಬೀರುವಿನ ಬೀಗದ ಮಾತೆತ್ತಲಿಲ್ಲ! ಕಿಟ್ ಬಳಕೆಯಾಗದಿರಲು ಸೋಮಾರಿತನ ಕಾರಣ ಅಲ್ಲ. ಬ್ಲಾಕು ಕಳೆದರೆ ದಾಸ್ತಾನು ವಹಿಯಲ್ಲಿ ಏನು ತೋರಿಸುವುದು ಎಂಬ ಹೆದರಿಕೆ.

ಅದಕ್ಕೆ ದಾರಿ: ಪೆಟ್ಟಿಗೆ ಬಂದಾಗ ‘ಗಣಿತ ಕಿಟ್–1’ ಎಂದು ಒಂದೇ ಸಾಲು ಬರೆಯಬೇಡಿ. ಒಳಗಿನ ಸಾಮಾನಿನ ಪಟ್ಟಿ ಮಾಡಿ. ಬಾಳಿಕೆ ಬರುವಂಥದ್ದು (ತಕ್ಕಡಿ, ಅಬ್ಯಾಕಸ್, ಘನಾಕೃತಿಗಳು) ಒಂದು ಕಡೆ, ಬಳಸಿದಂತೆ ಸವೆಯುವಂಥದ್ದು (ಆಟದ ನೋಟು, ಬಿಲ್ಲೆ, ಪಟ್ಟಿ) ಇನ್ನೊಂದು ಕಡೆ. ಮಾರ್ಚಿನಲ್ಲಿ ಎಣಿಸಿ, ಸವೆದದ್ದನ್ನು ಎಸ್‌ಡಿಎಂಸಿ (ಪೋಷಕರಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಮಂಡಿಸಿ, ನಡಾವಳಿಯಲ್ಲಿ ಬರೆಸಿ, ಆ ನಡಾವಳಿಯ ದಿನಾಂಕವನ್ನು ವಹಿಯಲ್ಲಿ ನಮೂದಿಸಿ. ಕಾಗದ ಸರಿಯಿದ್ದರೆ ಮುರಿದ ಬ್ಲಾಕಿಗೆ ಯಾರೂ ಹೆದರಬೇಕಿಲ್ಲ.

ಬಳಸುವಾಗ: ಪ್ರತಿ ಸಾಮಾನಿಗೆ ಬೇರೆ ಜಿಪ್ ಚೀಲ, ಚೀಲದ ಮೇಲೆ ಒಳಗಿನ ಸಂಖ್ಯೆ. ‘ಬಿಡಿ 50, ಹತ್ತು 20, ನೂರು 5’ ಹೀಗೆ. ಅವಧಿ ಮುಗಿಯುವ ಐದು ನಿಮಿಷ ಮೊದಲು ಗುಂಪಿನ ಮಕ್ಕಳೇ ಎಣಿಸಿ ತುಂಬಲಿ. ಅದೂ ಎಣಿಕೆಯ ಅಭ್ಯಾಸವೇ.

ಹಣದ ವಿಚಾರ. ಸಮಗ್ರ ಶಿಕ್ಷಣ ಯೋಜನೆಯ ಮಾರ್ಗಸೂಚಿಯಂತೆ ಸಂಯುಕ್ತ ಶಾಲಾ ಅನುದಾನದ ಗರಿಷ್ಠ ಮಿತಿ 30 ಮಕ್ಕಳವರೆಗೆ 10,000, ಅದರ ಮೇಲೆ 100ರವರೆಗೆ 25,000, 250ರವರೆಗೆ 50,000 ರೂಪಾಯಿ. ಇದರಲ್ಲಿ ಕನಿಷ್ಠ ಶೇ. 10 ಸ್ವಚ್ಛತೆಗೆ ಹೋಗಬೇಕು, ಅಂದರೆ 25,000ದಲ್ಲಿ 2,500. ಉಳಿದದ್ದರಲ್ಲೇ ಕರೆಂಟು, ದುರಸ್ತಿ, ಬೋಧನೋಪಕರಣ ಎಲ್ಲ. ನಿಮ್ಮದು 34, ಗಡಿಯಲ್ಲೇ ಇದ್ದೀರಿ. ದಾಖಲಾತಿ 30ಕ್ಕೆ ಇಳಿದರೆ ಒಂದೇ ಏಟಿಗೆ 15,000 ಹೋಗುತ್ತದೆ. ಹಾಗಾಗಿ ದೊಡ್ಡ ಸಾಮಾನು ತರುವುದಿದ್ದರೆ ಈ ಸಾಲಿನಲ್ಲೇ ತನ್ನಿ. ಗ್ರಂಥಾಲಯಕ್ಕೆ, ಆಟದ ಸಾಮಾನಿಗೆ ಬರುವ ಹಣ ಪ್ರತ್ಯೇಕ. ಎರಡಕ್ಕೂ ಪ್ರಾಥಮಿಕದ ಮಿತಿ 5,000. ಒಂದರ ಬಿಲ್ಲು ಇನ್ನೊಂದಕ್ಕೆ ಹಾಕಬೇಡಿ.

ಎಸ್‌ಡಿಎಂಸಿ_ಅಪ್ಪ:
ಒಂದು ಮಾತು ಮೇಷ್ಟ್ರೇ. ನಾವು ಪೋಷಕರು ಸಭೆಗೆ ಬಂದಾಗ ಬಿಲ್ಲಿಗೆ ಸಹಿ ಹಾಕಿಸಿಕೊಂಡು ಕಳಿಸುತ್ತೀರಿ. ಸಾಮಾನನ್ನು ಮೇಜಿನ ಮೇಲಿಟ್ಟು ತೋರಿಸಿ. ಕಡ್ಡಿ ಕತ್ತರಿಸುವುದು, ಟ್ಯೂಬು ತರುವುದು, ಹಲಗೆ ಬಳಿಯುವುದು ಇವು ನಮಗೆ ಬರುವ ಕೆಲಸ. ಕೂಲಿ ಬಿಲ್ಲು ಯಾಕೆ?

ಮಲೆನಾಡು_ಟೀಚರ್:
ಬಳಿಯುವ ಮಾತು ಬಂತಲ್ಲ, ನಲಿ-ಕಲಿ ಕೊಠಡಿಯ ಗೋಡೆಯ ಬುಡದಲ್ಲಿರುವ ಮಕ್ಕಳ ಕಪ್ಪುಹಲಗೆ ಬಗ್ಗೆ. ಅದಕ್ಕೆ ಸಾದಾ ಎನಾಮಲ್ ಕಪ್ಪು ಬಣ್ಣ ಬಳಿಯುವವರಿದ್ದಾರೆ. ಅದು ಹೊಳೆಯುತ್ತದೆ, ಸೀಮೆಸುಣ್ಣ ಜಾರುತ್ತದೆ. ಬ್ಲ್ಯಾಕ್‌ಬೋರ್ಡ್ ಪೇಂಟ್ ಎಂದೇ ಕೇಳಿ. ಗೋಡೆ ಒಣಗಿರಬೇಕು, ಹಳೆ ಸುಣ್ಣ ಪೂರ್ತಿ ಕೆರೆಯಬೇಕು, ಎರಡು ಕೋಟು, ನಡುವೆ ಒಂದು ದಿನ. ಒಣಗಿದ ಮೇಲೆ ಕೂಡಲೇ ಬರೆಯಬೇಡಿ. ಸೀಮೆಸುಣ್ಣವನ್ನು ಅಡ್ಡಲಾಗಿ ಹಿಡಿದು ಇಡೀ ಹಲಗೆಗೆ ತಿಕ್ಕಿ ಬಟ್ಟೆಯಿಂದ ಒರೆಸಿ, ಆಮೇಲೆ ಬರೆಯಿರಿ. ಇಲ್ಲದಿದ್ದರೆ ಮೊದಲ ದಿನ ಬರೆದ ಅಕ್ಷರದ ಗುರುತು ವರ್ಷಪೂರ್ತಿ ಕಾಣುತ್ತದೆ. ನೆಲ ಒದ್ದೆಯಾಗುವ ಕಡೆ ಕೆಳಗಿನ ಅರ್ಧ ಅಡಿ ಬಿಟ್ಟು ಬಳಿಯಿರಿ.

ಕಲಿಕಾ ಚಪ್ಪರದ (ಮಕ್ಕಳ ಕೆಲಸ ತೂಗುಹಾಕುವ) ದಾರ ನಮ್ಮ ತಲೆಯ ಎತ್ತರಕ್ಕೆ ಕಟ್ಟಿದರೆ ಅದು ಅಧಿಕಾರಿಗಳಿಗೆ ಮಾತ್ರ ಕಾಣುವ ತೋರಣ. ಒಂದನೇ ತರಗತಿಯ ಮಗು ಕೈ ಎತ್ತಿದರೆ ಕ್ಲಿಪ್ಪು ಸಿಗಬೇಕು.

ಪುಟಮಡಿಕೆ:
ಟ್ರಂಕಿನ ಗ್ರಂಥಾಲಯಕ್ಕೆ: ಪುಸ್ತಕದ ಬೆನ್ನು ನೋಡಿ ಆರಿಸುವುದು ದೊಡ್ಡವರ ಅಭ್ಯಾಸ, ಸಣ್ಣ ಮಕ್ಕಳಿಗೆ ಮುಖಪುಟ ಕಾಣಬೇಕು. ಗೋಡೆಗುಂಟ ನೆಲದಿಂದ ಮೂರಡಿ ಎತ್ತರಕ್ಕೆ ನೈಲಾನ್ ಹಗ್ಗ ಕಟ್ಟಿ ಪುಸ್ತಕವನ್ನು ನಡುಮಡಿಕೆಯಲ್ಲಿ ತೂಗುಹಾಕಿ. ಆರಡಿಗೊಂದು ಮೊಳೆ ಇಲ್ಲದಿದ್ದರೆ ಹಗ್ಗ ನಡುವೆ ಜೋತು ಪುಸ್ತಕಗಳೆಲ್ಲ ಒಂದೇ ಕಡೆ ಗುಡ್ಡೆಯಾಗುತ್ತವೆ. ವಾರಕ್ಕೊಮ್ಮೆ ಬದಲಿಸಿ, 20–25 ಸಾಕು.

ಕಥೆ ಸಾಲದಿದ್ದರೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಕಥೆಗಳು ಮಟ್ಟವಾರು ಇವೆ, ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ. ಮುದ್ರಿಸಿ ಹಂಚಬಹುದು, ಲೇಖಕರ ಹೆಸರಿರುವ ಕೊನೆಯ ಪುಟ ಬಿಡಬಾರದು ಅಷ್ಟೆ. ಎ4 ಹಾಳೆಯನ್ನು ಅಡ್ಡ ಮಡಚಿದರೆ ನಾಲ್ಕು ಪುಟ. ಹಾಗಾಗಿ ಒಟ್ಟು ಪುಟ ನಾಲ್ಕರ ಗುಣಕವಾಗಿರಲಿ: 8, 12, 16. ‘ಬುಕ್‌ಲೆಟ್’ ಆಯ್ಕೆಯಲ್ಲೇ ಮುದ್ರಿಸಿ, ಇಲ್ಲದಿದ್ದರೆ ಪುಟ ಹಿಂದುಮುಂದಾಗುತ್ತದೆ. ಪಿನ್ನು ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ, ನಡುಮಡಿಕೆಯಲ್ಲಿ ಮೂರು ತೂತು ಮಾಡಿ ದಪ್ಪ ದಾರದಿಂದ ಹೊಲಿಯಿರಿ.

ಹಳೆಯ ನುಡಿ ತಂತ್ರಾಂಶದ ಫೈಲಿನ ಕಾರ್ಡುಗಳನ್ನು ವಾಟ್ಸಾಪಿನಲ್ಲಿ ಹಂಚುವವರಿಗೆ ಒಂದು ಬಿನ್ನಹ: ಪಿಡಿಎಫ್ ಮಾಡಿ ಕಳಿಸಿ. ಯೂನಿಕೋಡ್ ಅಲ್ಲದ ಫೈಲು ಮೊಬೈಲಿನಲ್ಲಿ ಚಿತ್ರವಿಚಿತ್ರ ಚಿಹ್ನೆಗಳಾಗಿ ತೆರೆಯುತ್ತದೆ. ದೀಕ್ಷಾ ಆ್ಯಪ್‌ನ ಪಾಠಗಳನ್ನೂ ನೆಟ್‌ವರ್ಕ್ ಇರುವ ಕಡೆ ಮೊದಲೇ ಇಳಿಸಿಕೊಂಡು ಹೋಗಿ.

ಹೊಸಹಲಗೆ:
ಎಲ್ಲರಿಗೂ ಧನ್ಯವಾದ. ಕಿಟ್ಟಿನ ತಕ್ಕಡಿ ಒಂದೇ, ಅದರ ಒಂದು ಬಟ್ಟಲು ಒಡೆದಿದೆ. ಅಳತೆ ಪಾಠಕ್ಕೆ ಗುಂಪಿಗೊಂದು ಬೇಕಿತ್ತು.

ಬಿಳಿಜ್ವಾಳ:
ಮರದ ಅಡಿ ಪಟ್ಟಿ ಸಾಕ್ರಿ. 15 ಸೆಂಟಿಮೀಟರ್ ಗುರುತಿನ ಮ್ಯಾಲೆ ತೂತು ಹಾಕ್ರಿ, ಆದ್ರ ಪಟ್ಟಿ ಅಗಲದ ನಟ್ಟನಡುವ ಅಲ್ಲ, ಮ್ಯಾಲಿನ ಅಂಚಿಗೆ ಸ್ವಲ್ಪ ಹತ್ತರ. ನಡುವಿಗಿಂತ ಕೆಳಗ ಹಾಕಿದ್ರ ತಕ್ಕಡಿ ಒಂದು ಕಡೆ ಉಲ್ಟಾ ಬೀಳತದ, ನೆಟ್ಟಗ ನಿಲ್ಲೂದಿಲ್ಲ. ಎರಡೂ ತುದಿಯಿಂದ 1 ಸೆಂಟಿಮೀಟರ್ ಒಳಗ ಒಂದೊಂದು ಗಾಟು ಕೊರದು ದಾರ ಕಟ್ರಿ. ಬಟ್ಟಲಕ್ಕ ಐಸ್‌ಕ್ರೀಮ್ ಡಬ್ಬಿ. ಖಾಲಿ ಇದ್ದಾಗ ಒಂದು ಕಡೆ ಜಗ್ಗಿದ್ರ ಹಗುರ ಇರೂ ಕಡೆ ಹಸಿ ಮಣ್ಣಿನ ಉಂಡಿ ಹಚ್ಚಿ ಸಮ ಮಾಡ್ರಿ, ಒಣಗಿದ ಮ್ಯಾಲೆ ಮತ್ತೊಮ್ಮೆ ನೋಡ್ರಿ, ಹಗುರ ಆಗಿರತದ.

ತೂಕದ ಕಲ್ಲಿಗೆ ಕಿರಾಣಿ ಅಂಗಡ್ಯಾಗ ಒಣ ಉಸುಕು 50, 100, 200 ಗ್ರಾಂ ತೂಗಿಸಿ ಪ್ಲಾಸ್ಟಿಕ್ ಚೀಲದಾಗ ಬಾಯಿ ಸುಟ್ಟು ಮುಚ್ಚರಿ. ಹಸಿ ಉಸುಕು ಬ್ಯಾಡ, ಆರಿದಂಗ ತೂಕ ಇಳೀತದ.

ಎಸ್‌ಡಿಎಂಸಿ_ಅಪ್ಪ:
ಲೀಟರ್ ಅಳತೆಗೆ ನಂದಿನಿ ಹಾಲಿನ ಖಾಲಿ ಪ್ಯಾಕೆಟ್ಟು ತೊಳೆದು ಕಳಿಸಬಹುದಾ? ಊರ ತುಂಬಾ ಸಿಗುತ್ತವೆ.

ಮಣಿಸರ:
ಕಳಿಸಿ, ಆದರೆ ಮೇಲೆ ಮುದ್ರಿಸಿದ ಅಂಕಿ ನೋಡಿ. 2024ರ ಜೂನ್‌ನಿಂದ 2025ರ ಮಾರ್ಚ್‌ವರೆಗೆ ಬಂದ ‘ಅರ್ಧ ಲೀಟರ್’ ಪ್ಯಾಕೆಟ್ಟಿನಲ್ಲಿ 550 ಮಿಲಿಲೀಟರ್ ಇತ್ತು, ಆಮೇಲೆ ಮತ್ತೆ 500ಕ್ಕೆ ಬಂತು. ಹಳೆಯದು, ಹೊಸದು ಸೇರಿಸಿ ಎರಡು ಅರ್ಧ ಒಂದು ಲೀಟರ್ ಎಂದು ತೋರಿಸಲು ಹೋದರೆ 50 ಮಿಲಿಲೀಟರ್ ಹೆಚ್ಚು ಬರುತ್ತದೆ. ಇನ್ನು ಪ್ಯಾಕೆಟ್ಟು ಮೆತ್ತಗೆ, ತುಂಬುವಾಗ ಉಬ್ಬುವುದರಿಂದ ಅದರಲ್ಲೇ ಅಳೆಯಬೇಡಿ. ಒಂದು ಲೀಟರಿನ ನೀರಿನ ಬಾಟಲಿಯ ಮೇಲ್ಭಾಗ ಕತ್ತರಿಸಿ, ಔಷಧಿ ಅಂಗಡಿಯಲ್ಲಿ ಸಿಗುವ 50 ಮಿಲಿಲೀಟರ್ ಸಿರಿಂಜಿನಿಂದ ಎರಡೆರಡು ಸಲ ನೀರು ಹಾಕುತ್ತಾ, ಪ್ರತಿ 100ಕ್ಕೆ ಹೊರಗಿನಿಂದ ಮಾರ್ಕರ್ ಗೆರೆ ಎಳೆಯಿರಿ. ಗೆರೆಗಳ ಅಂತರ ಎಲ್ಲ ಕಡೆ ಒಂದೇ ಬರುವುದಿಲ್ಲ, ಬಾಟಲಿಗೆ ಸೊಂಟ ಇರುವ ಕಡೆ ದೂರ ದೂರ ಬೀಳುತ್ತವೆ. ಅದನ್ನು ಸ್ಕೇಲಿನಲ್ಲಿ ಸಮ ಮಾಡಲು ಹೋಗಬೇಡಿ. ‘ಇಲ್ಲಿ ಯಾಕೆ ಅಂತರ ಹೆಚ್ಚು?’ ಎಂದು ಐದನೇ ತರಗತಿಯವರನ್ನು ಕೇಳಿ.